ಏರಿಯ ಮಗ್ಗುಲಲ್ಲಿ ಗುಡಿ, ಗುಡಿಯ ಮುಂದೆ ಶಾಸನ

ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆ, ಕಡೂರು ದಾಟಿ ಬೀರೂರು ಜಂಕ್ಷನ್ನಿಗೆ ಬಂತೆಂದರೆ ಹಳಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರು ಹಾದು ಹುಬ್ಬಳ್ಳಿ ಕಡೆಗೆ. ಈ ಕವಲಿನ ಸುತ್ತ ಹರಡಿಕೊಂಡಿರುವ ಮೂರು ತಾಲ್ಲೂಕುಗಳನ್ನು ಪ್ರವಾಸಿಗರು ಕಿಟಕಿಯಿಂದ ನೋಡಿ ಮುಂದೆ ಸಾಗುವುದೇ ಹೆಚ್ಚು. ಚಿಕ್ಕಮಗಳೂರಿನ ಗಿರಿಗಳಿಗೆ ಹೋಗುವವರಿಗೆ ಕಡೂರು ಎಂದರೆ ಬಸ್ಸು ಬದಲಿಸುವ ಊರು. ತರೀಕೆರೆ ಎಂದರೆ ಕೆಮ್ಮಣ್ಣುಗುಂಡಿಗೆ ತಿರುಗಿಕೊಳ್ಳುವ ಊರು, ಇಲ್ಲವೇ ಕೆರೆ ಏರಿಯ ಮೇಲಿನ ಮೂರು ಕರಿ ಕುರಿಮರಿಗಳ ನಾಲಿಗೆ ತಿರುಚುವ ಆಟದಲ್ಲಿ ಬರುವ ಊರು. ಅಜ್ಜಂಪುರ ಎಂದರೆ ಈರುಳ್ಳಿ ಮತ್ತು ಅಮೃತಮಹಲ್ ದನ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕನ್ನಡಿಗರೆಲ್ಲ ಹೆಮ್ಮೆಪಟ್ಟ ಸಂಗತಿ ಅದು. ಆದರೆ ಆ ಮೂರನ್ನು ನೋಡಿ ಬಂದವರಿಗೆ ಹೊಯ್ಸಳರ ಕಾಲದ ಊರು ಹೇಗಿತ್ತು, ಗುಡಿ ಯಾರ ದುಡಿಮೆಯಿಂದ ನಿಂತಿತು, ಯಾವ ನೀರಿನಿಂದ ಬದುಕಿತು ಎಂಬುದು ಸುಲಭಕ್ಕೆ ತಿಳಿಯುವುದಿಲ್ಲ. ರಾಜಧಾನಿಯ ಗುಡಿ ರಾಜನ ಕಥೆ ಹೇಳುತ್ತದೆ. ಊರಿನ ಕಥೆ ಬೇಕೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಗೇ ಬರಬೇಕು. ಇಲ್ಲಿ ಗುಡಿ, ಕೆರೆ, ಶಾಸನ ಮೂರೂ ಒಂದರ ಮಗ್ಗುಲಲ್ಲಿ ಒಂದಿವೆ. ಮೂರನ್ನೂ ಸೇರಿಸಿ ನೋಡಿದಾಗ ಮಾತ್ರ ಈ ಸೀಮೆ ಬಾಯಿ ಬಿಡುತ್ತದೆ ಎಂಬುದು ಇಲ್ಲಿ ಅಲೆದಾಡಿದ ನನ್ನ ಗಟ್ಟಿ ನಂಬಿಕೆ.

ಇಂದು ನಾವು ಚಿಕ್ಕಮಗಳೂರು ಜಿಲ್ಲೆ ಎನ್ನುವುದು 1947ರವರೆಗೆ ಕಡೂರು ಜಿಲ್ಲೆಯೇ ಆಗಿತ್ತು. ಜಿಲ್ಲಾ ಕಚೇರಿ 1865ರಲ್ಲಿ ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ ಕಡೂರಿನದೇ ಉಳಿಯಿತು. ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟವನ್ನು 1901ರಲ್ಲಿ ಹೊರತಂದಾಗ ಅದು ಕಡೂರು ಜಿಲ್ಲೆಯ ಶಾಸನಗಳ ಸಂಪುಟ. ಅದರಲ್ಲಿ ಕಡೂರು ತಾಲ್ಲೂಕಿನ ಮೊದಲನೆಯ ಶಾಸನವೇ ಓದುಗನನ್ನು ಹಿಡಿದು ನಿಲ್ಲಿಸುತ್ತದೆ. ಕಡೂರು ಕೋಟೆಯಲ್ಲಿ ಸಿಕ್ಕ, 971ನೇ ಇಸವಿಯ ಕಂಬ ಅದು. ಗಂಗ ರಾಜ ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯ ಬದುಕನ್ನು ಬಿಟ್ಟು, ತಲೆಗೂದಲು ಕಿತ್ತು ದೀಕ್ಷೆ ಪಡೆದು, ಮೂವತ್ತು ವರ್ಷ ತಪಸ್ಸು ಮಾಡಿ ತೀರಿಕೊಂಡಳೆಂದು ಅದು ಹೇಳುತ್ತದೆ. ಅರಸನ ಒಡಹುಟ್ಟಿದವಳು ಮೂವತ್ತು ವರ್ಷ ನಡೆಸಿದ ವ್ರತ ಇಂದು ನಮಗೆ ತಿಳಿದಿರುವುದು ಆ ಒಂದು ಕಂಬದಿಂದ. ಕೋಟೆಯ ಕಲ್ಲನ್ನು ಯಾರಾದರೂ ಮನೆ ಪಾಯಕ್ಕೆ ಎಳೆದುಕೊಂಡು ಹೋಗಿದ್ದರೆ ಪಾಂಬಬ್ಬೆ ಎಂಬೊಬ್ಬಳು ಇದ್ದಳೆಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಅದು ಜೈನ ಶಾಸನ, ಹಿಂದೂ ಗುಡಿಗಳನ್ನು ನೋಡಲು ಹೊರಟವರಿಗೆ ಅದೇಕೆ ಎಂದು ಕೇಳಬಹುದು. ಈ ಸೀಮೆಯಲ್ಲಿ ಅವೆರಡನ್ನೂ ಬೇರೆಬೇರೆಯಾಗಿ ಇಟ್ಟು ನೋಡಲಾಗುವುದಿಲ್ಲ. ಅದು ಗೊತ್ತಾಗುವುದು ಅಮೃತಾಪುರದಲ್ಲಿ.

ತರೀಕೆರೆಯಿಂದ ಅಮೃತಾಪುರ ಹತ್ತು ಕಿಲೊಮೀಟರ್ ಆಸುಪಾಸು. ದಾರಿಯುದ್ದಕ್ಕೂ ಅಡಿಕೆ, ತೆಂಗು. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಶುರುವಾಗದ ನೆಲ ಇದು, ಗಾಳಿಯಲ್ಲೇ ಅದು ತಿಳಿಯುತ್ತದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಇಲ್ಲಿದೆ. ದೇವರಿಗೂ ಊರಿಗೂ ಕಟ್ಟಿಸಿದವನದೇ ಹೆಸರು. ಎಂಟು ನೂರು ವರ್ಷಗಳಲ್ಲಿ ಅರಸರು, ಪಾಳೆಯಗಾರರು, ಸುಲ್ತಾನರು, ಬ್ರಿಟಿಷರು ಬಂದು ಹೋದರೂ ಆ ಹೆಸರು ಜನರ ಬಾಯಲ್ಲಿ ಸವೆಯದೆ ಉಳಿದಿದೆ.

ಒಳಹೋಗುವ ಮೊದಲು ಪ್ರಾಕಾರದ ಗೋಡೆಯನ್ನು ಒಂದು ಸುತ್ತು ನೋಡಿ. ಅದರ ಮೇಲೆ ಸಮ ಅಂತರದಲ್ಲಿ ದುಂಡನೆಯ ಕೆತ್ತನೆಗಳು ಸಾಲಾಗಿ ಬರುತ್ತವೆ. ಇಂಥ ಪ್ರಾಕಾರ ಬೇರೆ ಹೊಯ್ಸಳ ಗುಡಿಗಳಲ್ಲಿ ಕಾಣಸಿಗುವುದು ಅಪರೂಪ. ಬಹಳ ಜನ ಚಪ್ಪಲಿ ಬಿಟ್ಟು ನೇರ ಮಂಟಪಕ್ಕೆ ನಡೆದುಬಿಡುತ್ತಾರೆ, ಗೋಡೆ ಕಣ್ಣಿಗೆ ಬೀಳುವುದೇ ಇಲ್ಲ.

ಗುಡಿ ಏಕಕೂಟ, ಅಂದರೆ ಒಂದೇ ಗರ್ಭಗುಡಿ. ಅದರ ಮುಂದೆ ಸುಕನಾಸಿ ಎಂಬ ಕಿರುಮೊಗಸಾಲೆ, ಒಂಬತ್ತು ಅಂಕಣದ ನವರಂಗ, ಅದಕ್ಕೂ ಮುಂದೆ 29 ಅಂಕಣಗಳ ತೆರೆದ ಮಂಟಪ. ನವರಂಗದ ದಕ್ಷಿಣಕ್ಕೆ ಒಂದು ಕಿರುದಾರಿ ಚಾಚಿ ಇನ್ನೊಂದು ಚಿಕ್ಕ ಗುಡಿಗೆ ಕೂಡುತ್ತದೆ. ಶಿಖರ ಕಟ್ಟಿದಾಗ ಇದ್ದದ್ದೇ, ಕಳಚಿ ಬಿದ್ದು ಗಾರೆಯಲ್ಲಿ ಮತ್ತೆ ಕಟ್ಟಿಕೊಂಡದ್ದಲ್ಲ. ಸುಕನಾಸಿಯ ನೆತ್ತಿಯಲ್ಲಿ ಹೊಯ್ಸಳರ ಲಾಂಛನದ ಸಳ ಸಿಂಹದೊಡನೆ ಸೆಣಸುತ್ತಿದ್ದಾನೆ. ಬೇಲೂರಿನ ಗದ್ದಲದಲ್ಲಿ ಜನರ ತಲೆಗಳ ಮೇಲಿಂದ ಇಣುಕಿ ನೋಡುವ ಸಳನನ್ನು ಇಲ್ಲಿ ನೆಮ್ಮದಿಯಾಗಿ ಕತ್ತೆತ್ತಿ ನೋಡಬಹುದು.

ತೆರೆದ ಮಂಟಪದ ಕಂಬಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಕಲ್ಲು ಇದು. ಉಳಿಗೆ ಅಷ್ಟು ನಯವಾಗಿ ಒಗ್ಗುವುದಕ್ಕೆ ಅದೇ ಕಾರಣ. ಕಂಬವನ್ನು ಚರಕಿಗೆ ಕೊಟ್ಟು ತಿರುಗಿಸಿ ಕಡೆದಿದ್ದಾರೆ. ಹತ್ತಿರ ಹೋಗಿ ನೋಡಿದರೆ ಸುತ್ತಲೂ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದರ ಮೇಲೊಂದು ಓಡಿವೆ, ಎಲ್ಲೂ ಒಂದನ್ನೊಂದು ಮುಟ್ಟಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಎದುರಿನ ಕಂಬದ ನೆರಳು ಈ ಕಂಬದ ಮೈಮೇಲೆ ಬಾಗಿ ಕಾಣುತ್ತದೆ. ತಲೆ ಎತ್ತಿದರೆ ಭುವನೇಶ್ವರಿಗಳು, ಅಂದರೆ ಛಾವಣಿಯ ಒಳಗುಮ್ಮಟಗಳು. ಕಲ್ಲಿನ ಬಳೆಗಳನ್ನು ಒಂದರೊಳಗೊಂದು ಇಳಿಸಿದ ಹಾಗೆ ಸುತ್ತುಸುತ್ತಾಗಿ ಒಳಕ್ಕೆ ಸರಿಯುತ್ತ ನಡುವಿನ ಹೂವಿನಲ್ಲಿ ಮುಗಿಯುತ್ತವೆ. ಅಷ್ಟು ಭಾರವನ್ನು ಹಿಡಿದಿರುವುದು ಕಲ್ಲಿಗೆ ಕಲ್ಲು ಕೊಟ್ಟ ಒತ್ತು ಮಾತ್ರ.

ಈ ಭುವನೇಶ್ವರಿಗಳ ಕೆಲಸಕ್ಕೆ ಕೈಹಾಕಿದವರಲ್ಲಿ ರೂವಾರಿ (ಶಿಲ್ಪಿ) ಮಲ್ಲಿತಮ್ಮನೂ ಒಬ್ಬ. ಅವನ ಕೆಲಸ ಶುರುವಾದದ್ದೇ ಅಮೃತಾಪುರದಲ್ಲಿ ಎಂದು, ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಉಳಿ ಹಿಡಿದಿದ್ದ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ವಿಗ್ರಹಗಳ ಅಡಿಯಲ್ಲಿ ಅವನ ಹೆಸರಿದೆ. ಯುನೆಸ್ಕೊ ಪಟ್ಟಿಗೇರಿದ ಸೋಮನಾಥಪುರವನ್ನು ನೋಡಿ ಬೆರಗಾದವರು ಆ ಕೈ ಪಳಗಿದ್ದು ಎಲ್ಲಿ ಎಂದು ತಿಳಿಯಬೇಕಾದರೆ ತರೀಕೆರೆಯ ಬಸ್ಸು ಹತ್ತಬೇಕು.

ನಾನು ಕತ್ತೆತ್ತಿ ನಿಂತದ್ದನ್ನು ನೋಡಿ ಅರ್ಚಕರು, “ಯಾವೂರಾಯ್ತು ತಮ್ಮದು? ಮೊದಲು ಒಳಗೆ ಬಂದು ದರ್ಶನ ಮಾಡಿ ಸ್ವಾಮಿ, ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ನೋಡ್ಕೊಳಿ” ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಅಮೃತೇಶ್ವರನಿಗೆ ಇಂದಿಗೂ ನಿತ್ಯ ಪೂಜೆ ಇದೆ. ನಾವು ಸ್ಮಾರಕ ಎಂದು ಟಿಪ್ಪಣಿ ಮಾಡಿಕೊಳ್ಳುವ ಜಾಗ ಅವರಿಗೆ ಬೆಳಗಾದರೆ ಬಾಗಿಲು ತೆಗೆದು ದೀಪ ಹಚ್ಚುವ ಜಾಗ. ಅಲ್ಲಿ ನಾವು ಅತಿಥಿಗಳು.

ಮಂಟಪದ ಹೊರಗಿನ ಕಟ್ಟೆಗೋಡೆಯಲ್ಲಿ 140 ಶಿಲ್ಪಫಲಕಗಳಿವೆ. ಬೇರೆ ಹೊಯ್ಸಳ ಗುಡಿಗಳಲ್ಲಿ ಇಂಥ ಕಥಾಶಿಲ್ಪಗಳು ಗೇಣುದ್ದದ ಪಟ್ಟಿಗಳಾಗಿ ಓಡುತ್ತವೆ, ಕಣ್ಣು ಕಿರಿದು ಮಾಡಿ ಹುಡುಕಬೇಕು. ಇಲ್ಲಿನವು ದೊಡ್ಡವು. ಶಾಲೆಯ ಮಗುವೂ ನಿಂತು, ಇವನು ಇಂಥವನು ಎಂದು ಗುರುತಿಸಬಹುದು. ದಕ್ಷಿಣದ ಗೋಡೆಯ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ ಮೊದಲು 25 ಕೃಷ್ಣನ ಕಥೆ, ಉಳಿದ 45 ಮಹಾಭಾರತ. ವಿಶೇಷವಿರುವುದು ರಾಮಾಯಣದ ನಡಿಗೆಯಲ್ಲಿ. ಹೊಯ್ಸಳರ ಗುಡಿಗಳಲ್ಲಿ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುವುದು ವಾಡಿಕೆ. ಉತ್ತರದ ಗೋಡೆಯಲ್ಲಿ ಹಾಗೇ ಇದೆ. ದಕ್ಷಿಣದಲ್ಲಿ ಮಾತ್ರ ರಾಮಾಯಣ ಅಪ್ರದಕ್ಷಿಣವಾಗಿ ನಡೆಯುತ್ತದೆ. ಪ್ರದಕ್ಷಿಣೆ ಬರುವವನಿಗೆ ಕಥೆ ಕೊನೆಯಿಂದ ಮೊದಲಿಗೆ ಸಿಗುತ್ತದೆ. ಗೋಡೆಗೆ ಎದುರಾಗಿ ನಿಂತವನಿಗೆ ನಾವು ಅಕ್ಷರ ಓದುವಂತೆ ಎಡದಿಂದ ಬಲಕ್ಕೆ ಸಿಗುತ್ತದೆ. ಎರಡೂ ಗೋಡೆಗಳ ಕಥೆಗಳು ಹೀಗೆ ಪಶ್ಚಿಮದ ತುದಿಯಲ್ಲಿ ಹೊರಟು ಪೂರ್ವಕ್ಕೆ ಸಾಗುತ್ತವೆ, ಗುಡಿಯ ಎಡಬಲ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ. ಇದು ರೂವಾರಿಗಳು ಬೇಕೆಂದೇ ಮಾಡಿದ ಜೋಡಣೆ ಎಂದು ನನಗನ್ನಿಸುತ್ತದೆ. ಇಷ್ಟು ಅಳೆದು ಸುರಿದು ಕಟ್ಟಿದವರು 70 ಕಲ್ಲುಗಳನ್ನು ಮರೆತು ಹಿಂದುಮುಂದಾಗಿ ಇಟ್ಟಾರೆಯೇ?

ಆದರೂ ಅಮೃತಾಪುರದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಶಿಲ್ಪದ ಮುಂದಲ್ಲ, ಮಂಟಪದ ಬಳಿ ನಿಲ್ಲಿಸಿರುವ ದೊಡ್ಡ ಶಾಸನದ ಮುಂದೆ. ಅದರ ಪದ್ಯಗಳನ್ನು ಬರೆದವನು ಜನ್ನ. ಯಶೋಧರ ಚರಿತೆಯ ಜನ್ನ, ಕವಿಚಕ್ರವರ್ತಿ ಜನ್ನ. ಯಶೋಧರ ಚರಿತೆ 1209ರದು, ಅನಂತನಾಥ ಪುರಾಣ 1230ರದು. ಅವೆರಡಕ್ಕೂ ಹಿಂದೆ, ಇನ್ನೂ ಹರೆಯದ ಕವಿಯಾಗಿ ಅವನು ಅಮೃತ ದಂಡನಾಯಕನ ಗುಡಿಗೆ ಶಾಸನ ಕಟ್ಟಿಕೊಟ್ಟ. ಜೈನ ಕವಿ ಶಿವಾಲಯಕ್ಕೆ ಪದ್ಯ ಬರೆದ; ಕಟ್ಟಿಸಿದವನು ಬರೆಸಿಕೊಂಡ; ಊರು ಕಾಪಾಡಿಕೊಂಡು ಬಂತು. ಕಾಲೇಜಿನಲ್ಲಿ ಜನ್ನನನ್ನು ಪರೀಕ್ಷೆಗೆ ಓದಿದ ಸಾವಿರಾರು ಜನ ಕನ್ನಡ ನಾಡಿನಲ್ಲಿದ್ದಾರೆ. ಅವನ ಮಾತು ಅವನ ಕಾಲದಲ್ಲೇ ಕಲ್ಲಿಗಿಳಿದು, ಇಟ್ಟ ಊರಿನಲ್ಲೇ ಬಿಸಿಲು ಮಳೆಗೆ ನಿಂತಿರುವುದನ್ನು ಎಷ್ಟು ಜನ ನೋಡಿದ್ದೇವೆ? ತಾಳೆಗರಿ ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ, ಲಿಪಿಕಾರ ತಪ್ಪುತ್ತಾನೆ. ಕಲ್ಲಿನ ಮೇಲಿರುವುದು ಅಂದಿನ ಅಕ್ಷರ, ಅಂದಿನ ಸಾಲು. ಕನ್ನಡ ಮೇಷ್ಟ್ರುಗಳು ತಮ್ಮ ತರಗತಿಯನ್ನು ವರ್ಷಕ್ಕೊಮ್ಮೆ ಈ ಕಲ್ಲಿನ ಮುಂದೆ ನಡೆಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಹಳಗನ್ನಡ ಓದಲು ಬಾರದವರೂ ಶಾಸನದ ಮುಂದೆ ನಿಂತು ಸುಮಾರು ವಿಷಯ ತಿಳಿಯಬಹುದು. ಕಲ್ಲಿನ ತಲೆಯ ಭಾಗ ನೋಡಿ. ಸೂರ್ಯ ಚಂದ್ರರಿದ್ದರೆ ಅವರಿರುವವರೆಗೂ ಈ ದತ್ತಿ ನಡೆಯಲಿ ಎಂದರ್ಥ. ನಡುವೆ ಲಿಂಗ, ಪೂಜೆ ಮಾಡುವ ಯತಿ, ಪಕ್ಕದಲ್ಲಿ ಬಸವ ಇದ್ದರೆ ಶಿವಾಲಯದ ದತ್ತಿ. ಜಿನಬಿಂಬ ಇದ್ದರೆ ಬಸದಿಯದು. ಕರುವಿಗೆ ಹಾಲೂಡುವ ಹಸುವೂ ಅಲ್ಲೇ ಇರುತ್ತದೆ. ಕೆಳಗಿನ ಬರಹದಲ್ಲಿ ದೊರೆಯ ಬಿರುದು, ದಾನ ಕೊಟ್ಟವನ ವಂಶ, ಶಕವರ್ಷ, ಸಂವತ್ಸರ, ಆಮೇಲೆ ಗದ್ದೆ ಬೆದ್ದಲುಗಳ ಎಲ್ಲೆ. ನಂದಾದೀವಿಗೆಗೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ, ಗುಡಿ ಸೋರಿದರೆ ರಿಪೇರಿಗೆ ಇಷ್ಟು ಹೊಲ. ಕೊನೆಗೆ, ಇದಕ್ಕೆ ಅಳುಪಿದವನಿಗೆ, ಅಂದರೆ ಕೆಡಿಸಿದವನಿಗೆ, ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಎಂಬ ಶಾಪ. ಒಂದು ಗುಡಿಯನ್ನು ನೂರಾರು ವರ್ಷ ನಡೆಸಲು ಏನೇನು ಬೇಕೋ ಅದಷ್ಟನ್ನೂ ಮೊದಲೇ ಯೋಚಿಸಿ ಕಲ್ಲಿಗೆ ಹಾಕಿದವರು ಅವರು.

ದತ್ತಿ ಕೊಟ್ಟ ಹೊಲ ಬೆಳೆಯಬೇಕಲ್ಲ, ಅದಕ್ಕೆ ಕೆರೆ. ಈ ಸೀಮೆಯ ಕೆರೆಗಳ ಮಾತು ಬಂದರೆ ಮೊದಲ ಹೆಸರು ಅಯ್ಯನಕೆರೆಯದು. ಸಖರಾಯಪಟ್ಟಣದ ಹತ್ತಿರ, ಶಕುನಗಿರಿಯ ಬುಡದಲ್ಲಿ ಹರಡಿಕೊಂಡಿರುವ ಈ ಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದನ್ನು ಜೀರ್ಣೋದ್ಧಾರ ಮಾಡಿದರು. ದಡದಲ್ಲಿ ಬಲ್ಲಾಳೇಶ್ವರನ ಗುಡಿ ಇದೆ. ಇಲ್ಲಿಂದ ಹರಿಯುವ ವೇದಾ, ಮದಗದ ಕೆರೆಯ ಕಡೆಯಿಂದ ಬರುವ ಅವತಿ ಕೂಡಿ ವೇದಾವತಿಯಾಗಿ ಬಯಲಿಗೆ ಇಳಿಯುತ್ತವೆ.

ಅಯ್ಯನಕೆರೆಗೆ ಅಂಟಿಕೊಂಡ ಕಥೆಯೊಂದಿದೆ. ಕೆರೆ ಕಾಯುವ ನೀರಗಂಟಿ ಹೊನ್ನಬಿಲ್ಲನಿಗೆ ಕೆರೆಯ ದೇವತೆ ಕಾಣಿಸಿಕೊಂಡು, ಈಗಿಂದೀಗ ಏರಿ ಒಡೆಯುತ್ತೇನೆ ಎಂದಳಂತೆ. ಅವನು ಕೈಮುಗಿದು, ಊರಿಗೆ ಹೋಗಿ ರಾಜನಿಗೆ ತಿಳಿಸಿ ಬರುತ್ತೇನೆ, ನಾನು ಹಿಂದಿರುಗುವವರೆಗೆ ತಡೆದುಕೋ ತಾಯಿ ಎಂದು ಬೇಡಿದ. ದೇವತೆ ಒಪ್ಪಿದಳು. ಹೊನ್ನಬಿಲ್ಲ ಓಡಿಹೋಗಿ ರಾಜನಿಗೆ ಹೇಳಿದ. ರಾಜ ಯೋಚಿಸಿದ: ಇವನು ಹಿಂದಿರುಗದಿದ್ದರೆ ದೇವತೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಕೆರೆಯನ್ನು ಎಂದೆಂದಿಗೂ ಕಾಯಬೇಕಲ್ಲವೇ! ಅಲ್ಲೇ ಅವನನ್ನು ಕೊಲ್ಲಿಸಿದ. ಕೆರೆ ಉಳಿಯಿತು.

ಕೆರೆಗೆ ಹಾರವಾದ ಭಾಗೀರಥಿಯ ಹಾಡು ಕೇಳಿ ಬೆಳೆದವರಿಗೆ ಈ ಕಥೆ ಎದೆಗೆ ನಾಟದೆ ಇರದು. ಏರಿಯ ಮೇಲೆ ನಿಂತು ನೀರನ್ನು ನೋಡುವಾಗ ನನ್ನ ಮನಸ್ಸಿಗೆ ಬಂದದ್ದು ಕಟ್ಟಿಸಿದ ರುಕ್ಮಾಂಗದನಲ್ಲ, ಕಾದ ಹೊನ್ನಬಿಲ್ಲ. ದಾನ ಕೊಟ್ಟವನ ಹೆಸರನ್ನು ಶಾಸನ ಹೇಳುತ್ತದೆ, ತೂಬು ಎತ್ತಿ ಇಳಿಸಿದವನ ಹೆಸರನ್ನು ಊರ ಬಾಯಿ ಮಾತ್ರ ಹೇಳುತ್ತದೆ. ಇಲ್ಲಿಗೆ ಬರುವ ಪ್ರವಾಸಿ ದಯವಿಟ್ಟು ಊರಿನ ಹಿರಿಯರೊಬ್ಬರ ಜೊತೆ ಜಗಲಿಯ ಮೇಲೆ ಕೂತು ಮಾತಾಡಬೇಕು.

ಕಡೂರು ತಾಲ್ಲೂಕಿನ ದೇವನೂರಿಗೂ ಹೋಗಿಬನ್ನಿ. ಜೈಮಿನಿ ಭಾರತದ ಲಕ್ಷ್ಮೀಶ ತನ್ನ ಕಾವ್ಯವನ್ನು ಅರ್ಪಿಸಿದ ಲಕ್ಷ್ಮೀಕಾಂತನ ಗುಡಿ ಅಲ್ಲಿದೆ. ಹಿರೇನಲ್ಲೂರಿನಲ್ಲಿ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ಗುಡಿ ಇದೆ. ತರೀಕೆರೆಯ ಗಿರಿಯ ಕಡೆ ಕಲ್ಲತ್ತಿಗಿರಿಯಲ್ಲಿ ಜಲಪಾತದ ಮಗ್ಗುಲಿಗೇ ವೀರಭದ್ರನ ಗುಡಿ, ಎದುರಿಗೆ ಬಂಡೆಯಲ್ಲಿ ಕಡೆದ ಆನೆಗಳು. ಅಲ್ಲಿ ಭಕ್ತರೂ ಸ್ನಾನದ ಗುಂಪುಗಳೂ ಒಟ್ಟಿಗೇ ಇರುತ್ತವೆ. ಆನೆಗಳನ್ನು ನೋಡಬೇಕೆಂದರೆ ರಜೆ ದಿನ ಬಿಟ್ಟು ಹೋಗುವುದು ಒಳ್ಳೆಯದು.

ಇಷ್ಟು ಹೊತ್ತು ಹೇಳಿದ್ದು ಬಾಗಿಲು, ದೀಪ, ಪೂಜೆ ಇರುವ ಗುಡಿಗಳನ್ನು ಕುರಿತು. ಅಜ್ಜಂಪುರದ ಕಡೆ ಬಂದರೆ ಚಿತ್ರ ಬೇರೆ. ನೆಲ ಬಯಲಾಗಿ ಬಿಚ್ಚಿಕೊಳ್ಳುತ್ತದೆ. ಕಪ್ಪು ಮಣ್ಣು, ಈರುಳ್ಳಿ ಹೊಲ, ಅಮೃತಮಹಲ್ ಕಾವಲು. ಹತ್ತಿರದ ಆಸಂದಿ ಇಂದು ಸಾಮಾನ್ಯ ಹಳ್ಳಿ. ಒಂದು ಕಾಲಕ್ಕೆ ಅದು ಆಸಂದಿನಾಡಿನ ರಾಜಧಾನಿ. ತಲಕಾಡಿನ ಗಂಗರಾಜ್ಯ ಹೋದಮೇಲೂ ಗಂಗವಂಶದ ಒಂದು ಶಾಖೆ ಹೊಯ್ಸಳರ ಸಾಮಂತರಾಗಿ ಇಲ್ಲಿಂದ ನಾಡನ್ನು ಆಳಿತು. ಅವರ ಶಾಸನಗಳು ರೈಸ್ ಸಂಪುಟದಲ್ಲಿವೆ. ಇಂಥ ಊರುಗಳ ಅಂಚಿನಲ್ಲಿ, ಲಾಂಟಾನದ ಪೊದೆಯಲ್ಲಿ, ಹೊಲದ ಬದುವಿನಲ್ಲಿ ಕಂಬದ ತುಂಡು, ತಲೆ ಹೋದ ಬಸವ, ಓರೆಯಾಗಿ ನಿಂತ ವೀರಗಲ್ಲು ಕಾಣುತ್ತವೆ. ವೀರಗಲ್ಲಿನ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ದನ ಹಿಡಿಯಲು ಬಂದವರೊಡನೆ ಹೋರಾಡಿ ಸತ್ತ ತುರುಗೋಳಿನ ವೀರರ ಕಲ್ಲುಗಳು ಕರ್ನಾಟಕದ ಉದ್ದಕ್ಕೂ ಇವೆ. ದನಗಳ ಈ ಕಾವಲು ಸೀಮೆಯಲ್ಲಿ ಅಂಥ ಕಲ್ಲೊಂದರ ಮುಂದೆ ನಿಂತಾಗ ಆ ಸಾವಿನ ಬೆಲೆ ತಕ್ಷಣ ಅರ್ಥವಾಗುತ್ತದೆ.

ಹಾಳು ಗುಡಿಗಳಿಗೆ ಕಾಲಕ್ಕಿಂತ ಹೆಚ್ಚು ಕೇಡು ಮಾಡಿದವರು ನಿಧಿಗಳ್ಳರು. ಲಿಂಗವನ್ನು ಪೀಠದಿಂದ ಕಿತ್ತು, ಬಸವನ ಹೊಟ್ಟೆ ಒಡೆದು, ಗರ್ಭಗುಡಿಯ ನೆಲ ಅಗೆದು ಹೋಗುತ್ತಾರೆ. ಅಕ್ಷರವಿರುವ ಕಲ್ಲು ಕಂಡರೆ ಅದು ನಿಧಿಯ ಗುರುತು ಎಂದು ಅದನ್ನೂ ಒಡೆಯುತ್ತಾರೆ. ಆ ಅಕ್ಷರದಲ್ಲಿ ಏನಿರುತ್ತದೆ ಎಂದು ಈಗಾಗಲೇ ಹೇಳಿದ್ದೇನೆ: ಗದ್ದೆ, ಎಣ್ಣೆ, ಅಕ್ಕಿ. ಹೊಯ್ಸಳರ ಕಾಲದ ಗುಡಿಯ ಸಂಪತ್ತು ಹೊಲದಲ್ಲಿತ್ತು, ನೆಲದಡಿಯ ಹೊನ್ನಿನ ಕೊಡದಲ್ಲಿ ಇರಲಿಲ್ಲ. ಈ ಒಂದು ವಿಷಯ ಊರೂರಿನ ಶಾಲೆಯಲ್ಲಿ ಮಕ್ಕಳಿಗೆ ಗೊತ್ತಾದರೆ ಎಷ್ಟೋ ಕಲ್ಲುಗಳು ಉಳಿಯುತ್ತವೆ.

ಇನ್ನೊಂದು ಕೇಡು ಭಕ್ತಿಯಿಂದಲೇ ಬರುತ್ತದೆ. ಊರವರು ಚಂದಾ ಎತ್ತಿ, ಸಿಮೆಂಟು ತಂದು, ಹಳೆಯ ಗೋಡೆಗೆ ಮೆತ್ತಿ, ನೆಲಕ್ಕೆ ಟೈಲ್ಸ್ ಹಾಕಿ, ಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ. ಅವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಹೊಯ್ಸಳ ಗುಡಿಯ ಗೋಡೆ ಮಾತ್ರ ಸಿಮೆಂಟಿಗೆ ಒಗ್ಗುವುದಿಲ್ಲ. ಹೊರಗೊಂದು ಕಲ್ಲಿನ ಮೈ, ಒಳಗೊಂದು ಕಲ್ಲಿನ ಮೈ, ನಡುವೆ ಕಲ್ಲುಚೂರು ಮಣ್ಣು ತುಂಬಿದ ಗೋಡೆ ಅದು. ಮೇಲಿನ ಗಾರೆ ಬಿರುಕು ಬಿಟ್ಟು ನೀರು ಒಳಗಿಳಿದರೆ ನಡುವಿನ ತುಂಬು ಉಬ್ಬಿ ಕಲ್ಲುಗಳನ್ನು ಹೊರಕ್ಕೆ ನೂಕುತ್ತದೆ. ಸಂದಿನಲ್ಲಿ ಅರಳಿ ಗಿಡ ಬೇರು ಬಿಟ್ಟರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಹೊರಗಿನಿಂದ ಸಿಮೆಂಟು ಮೆತ್ತಿದರೆ ಒಳಗೆ ಸೇರಿದ ನೀರಿಗೆ ಹೊರದಾರಿ ಇಲ್ಲದಂತಾಗುತ್ತದೆ. ಸರಿಯಾದ ಕ್ರಮವೆಂದರೆ ಒಂದೊಂದು ಕಲ್ಲಿಗೂ ನಂಬರು ಬರೆದು, ಬಿಚ್ಚಿ, ಪಾಯ ಗಟ್ಟಿ ಮಾಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಮತ್ತೆ ಕೂರಿಸುವುದು. 1991ರಲ್ಲಿ ಶುರುವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಸರ್ಕಾರ ಮತ್ತು ಊರವರ ಜೊತೆ ವೆಚ್ಚ ಹಂಚಿಕೊಂಡು ರಾಜ್ಯದ ಹಲವಾರು ಹಳೆಯ ಗುಡಿಗಳನ್ನು ಮತ್ತೆ ನಿಲ್ಲಿಸಿದೆ. ದಾರಿ ಇದೆ. ಊರವರು ಚಂದಾ ಎತ್ತುವ ಮೊದಲು ಒಮ್ಮೆ ಕೇಳಬೇಕು, ಅಷ್ಟೆ.

ಪ್ರವಾಸಿಯ ಪಾಲಿನ ಕೆಲಸವೂ ಇದೆ. ಶಾಸನ ಓದಲೆಂದು ಅಕ್ಷರಕ್ಕೆ ಸೀಮೆಸುಣ್ಣ, ಹಿಟ್ಟು ತಿಕ್ಕಬೇಡಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾದಾಗ ಹೋದರೆ, ಇಲ್ಲವೇ ಪಕ್ಕದಿಂದ ಟಾರ್ಚ್ ಬಿಟ್ಟರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಕಲ್ಲಿಗೆ ಎಣ್ಣೆ, ಸುಣ್ಣ ಬಳಿಯುವುದು ಕಂಡರೆ ಊರವರಿಗೆ ಮೆಲ್ಲಗೆ ತಿಳಿಸಿ ಹೇಳಿ. ಜೋರು ಮಾಡಬೇಡಿ, ಗುಡಿ ಅವರದು. ಹೊರಡುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟದಲ್ಲಿ ಆ ಊರಿನ ಹೆಸರು ಹುಡುಕಿ. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿದೆ. ಶಾಸನದ ಪಾಠದ ಒಂದು ಪ್ರತಿಯನ್ನು ಆ ಊರಿನ ಶಾಲೆಗೆ ಕೊಟ್ಟು ಬನ್ನಿ. ಬದುವಿನಲ್ಲಿ, ಚರಂಡಿಯ ಹಾಸಿನಲ್ಲಿ, ಒಗೆಯುವ ಕಲ್ಲಿನಲ್ಲಿ ಅಕ್ಷರ ಕಂಡರೆ ಅದನ್ನು ಕದಲಿಸದೆ ಫೋಟೊ ತೆಗೆದುಕೊಳ್ಳಿ. ಊರು, ಜಾಗ, ಹತ್ತಿರದ ಗುರುತು ಬರೆದು ಗ್ರಾಮ ಪಂಚಾಯಿತಿಗೂ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ತಿಳಿಸಿ.